ಶ್ವಾಸಕೋಶದ ಕ್ಯಾನ್ಸರ್: ರಿಸ್ಕ್ ಕಮ್ಮಿ ಮಾಡ್ಕೊಳ್ಳೋಕೆ ಯಾವುದನ್ನ ಮೊದಲು ಮಾಡ್ಬೇಕು, ಯಾವುದರ ತಂಟೆಗೆ ಹೋಗ್ಬಾರ್ದು

ಸಿಗರೇಟು ಸೇದ್ತಿದ್ದ ಕಾಲದಲ್ಲಿ ನಾನೊಂದು ಅತಿಬುದ್ಧಿವಂತಿಕೆ ಮಾಡಿದ್ದೆ. ಬಿಡೋಕಂತೂ ಆಗ್ತಿಲ್ಲ, ಶ್ವಾಸಕೋಶಕ್ಕೆ ಬೇರೆ ಏನಾದ್ರೂ ಒಳ್ಳೇದು ಮಾಡೋಣ ಅಂತ ಆಂಟಿಆಕ್ಸಿಡೆಂಟ್ ಮಾತ್ರೆ ಡಬ್ಬಿ ತಂದಿಟ್ಕೊಂಡು ಬೆಳಿಗ್ಗೆ ಎದ್ದು ಒಂದು ನುಂಗೋದು, ನುಂಗಿ ಹತ್ತು ನಿಮಿಷಕ್ಕೆ ಬಾಲ್ಕನಿಗೆ ಹೋಗಿ ಒಂದು ಹಚ್ಚೋದು. ಡಬ್ಬಿ ಮೇಲೆ ಬೀಟಾ ಕೆರೋಟಿನ್ ಅಂತ ದಪ್ಪಕ್ಷರದಲ್ಲಿ ಬರೆದಿತ್ತು, ಕ್ಯಾರೆಟ್‌ನಲ್ಲಿರೋ ಬಣ್ಣ ತಾನೇ, ಏನ್ ಮಾಡತ್ತೆ ಅಂದ್ಕೊಂಡಿದ್ದೆ.

ಆಮೇಲೆ ಯಾವಾಗ್ಲೋ ಓದಿದಾಗ ಗೊತ್ತಾಯ್ತು, ಫಿನ್ಲೆಂಡಿನಲ್ಲಿ ಸಿಗರೇಟು ಸೇದೋ 29,133 ಗಂಡಸರ ಮೇಲೆ ಇದನ್ನೇ ಟ್ರಯಲ್ ಮಾಡಿದ್ರಂತೆ, 1994ರಲ್ಲಿ ರಿಸಲ್ಟ್ ಬಂತು, ಬೀಟಾ ಕೆರೋಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗೋದಿರ್ಲಿ, 18 ಪರ್ಸೆಂಟ್ ಜಾಸ್ತಿ ಆಗಿತ್ತು. ಅಮೆರಿಕದಲ್ಲಿ ಸೇದೋರು ಮತ್ತೆ ಆಸ್ಬೆಸ್ಟಾಸ್ ಕೆಲಸ ಮಾಡಿದೋರ ಮೇಲೆ ಇನ್ನೊಂದು ಟ್ರಯಲ್ ನಡೀತಿತ್ತು, ಅದರ ಹೆಸರೂ ಕ್ಯಾರೆಟ್ ಅಂತ್ಲೇ (ನಿಜವಾಗ್ಲೂ!), ಅದರಲ್ಲಿ 28 ಪರ್ಸೆಂಟ್ ಜಾಸ್ತಿ ಕಾಣಿಸ್ತು ಅಂತ 1996ರ ಜನವರಿಯಲ್ಲಿ ಅರ್ಧಕ್ಕೇ ನಿಲ್ಲಿಸಿಬಿಟ್ರು. ಅಂದ್ರೆ ನಾನು ದುಡ್ಡು ಕೊಟ್ಟು ತಂದು ನುಂಗ್ತಿದ್ದಿದ್ದು, ಸೇದೋರು ಮುಟ್ಲೇಬಾರ್ದು ಅಂತ ಅಷ್ಟೊತ್ತಿಗಾಗ್ಲೇ ಸಾಬೀತಾಗಿದ್ದ ಮಾತ್ರೆ. ತರಕಾರಿಯಲ್ಲಿ ತಿನ್ನೋ ಕ್ಯಾರೆಟ್‌ಗೆ ಈ ತೊಂದ್ರೆ ಇಲ್ಲ, ಅದನ್ನ ಆರಾಮಾಗಿ ತಿನ್ನಿ, ತೊಂದ್ರೆ ಇರೋದು ಹೆಚ್ಚು ಡೋಸಿನ ಮಾತ್ರೆಯಲ್ಲಿ.

ಇದನ್ನ ಯಾಕೆ ಮೊದಲೇ ಹೇಳ್ದೆ ಅಂದ್ರೆ, ಈ ಕಾಯಿಲೆ ವಿಷಯದಲ್ಲಿ ನಾವೆಲ್ಲ ಸುಲಭವಾಗಿರೋದನ್ನ ಮೊದಲು ಮಾಡ್ತೀವಿ, ಕಷ್ಟದ್ದನ್ನ ನಾಳೆಗೆ ಇಟ್ಕೋತೀವಿ. ಆರ್ಡರ್ ಉಲ್ಟಾ ಆಗ್ಬೇಕು. ಕೆಳಗೆ ಬರೆದಿರೋದು ಅದೇ ಆರ್ಡರಲ್ಲಿ, ಭಾರ ಜಾಸ್ತಿ ಇರೋದು ಮೊದಲು. ನಾನು ಡಾಕ್ಟ್ರಲ್ಲ, ಬಿಟ್ಟವನು ಮತ್ತೆ ಓದ್ಕೊಂಡವನು ಅಷ್ಟೇ.

ಒಂದನೇದು: ಒಂದು ಹಾಳೆ ತಗೊಂಡು ನಿಮ್ಮ ಲೆಕ್ಕ ಬರೀರಿ

ಡಾಕ್ಟ್ರು ಪ್ಯಾಕ್-ಇಯರ್ ಅಂತ ಒಂದು ಲೆಕ್ಕ ಕೇಳ್ತಾರೆ. ದಿನಕ್ಕೆ ಎಷ್ಟು ಸೇದಿದ್ರಿ ಅನ್ನೋದನ್ನ 20ರಿಂದ ಭಾಗಿಸಿ, ಎಷ್ಟು ವರ್ಷ ಸೇದಿದ್ರಿ ಅನ್ನೋದರಿಂದ ಗುಣಿಸಿ, ಅಷ್ಟೇ. ನನ್ನದು ದಿನಕ್ಕೆ 14ರ ಹಾಗೆ 17 ವರ್ಷ, 14 ಭಾಗಿಸು 20 ಅಂದ್ರೆ 0.7, ಅದನ್ನ 17ರಿಂದ ಗುಣಿಸಿದ್ರೆ ಹನ್ನೆರಡಕ್ಕೆ ಒಂಚೂರು ಕಮ್ಮಿ. ಸುಳ್ಳು ಬರೀಬೇಡಿ, ಹಾಳೆ ನೋಡೋರು ನೀವೊಬ್ರೇ. ನಾನು ಮೊದಲ ಸಲ ದಿನಕ್ಕೆ ಎಂಟು ಅಂತ ಬರೆದು, ಒಂದು ಪ್ಯಾಕ್ ಎಷ್ಟು ದಿನ ಬರ್ತಿತ್ತು ಅಂತ ಯೋಚನೆ ಮಾಡಿ ಹೊಡೆದು ಹಾಕಿದ್ದೆ.

ಒಂದು ವಿಷಯ ಇಲ್ಲಿ ತುಂಬಾ ಜನಕ್ಕೆ ಗೊತ್ತಿರಲ್ಲ, ದಿನಕ್ಕೆ ಎಷ್ಟು ಅನ್ನೋದಕ್ಕಿಂತ ಎಷ್ಟು ವರ್ಷ ಅನ್ನೋದು ಈ ಕ್ಯಾನ್ಸರ್ ವಿಷಯದಲ್ಲಿ ಜಾಸ್ತಿ ಲೆಕ್ಕಕ್ಕೆ ಬರತ್ತೆ. ಹಂಗಾಗಿ ಇಪ್ಪತ್ತರಿಂದ ಹತ್ತಕ್ಕೆ ಇಳಿಸಿದೀನಿ ಅಂತ ಸಮಾಧಾನ ಮಾಡ್ಕೊಂಡು ಇನ್ನೂ ಹದಿನೈದು ವರ್ಷ ಎಳೆದ್ರೆ ಹೆಚ್ಚೇನೂ ಉಳಿಸಿದ ಹಾಗಾಗಲ್ಲ.

ಅದೇ ಹಾಳೆಯಲ್ಲಿ ಇನ್ನೊಂದಿಷ್ಟು ಬರ್ಕೊಳ್ಳಿ. ಮನೇಲಿ ಯಾರಾದ್ರೂ ಸೇದ್ತಿದ್ರಾ, ಧೂಳು ಹೊಗೆ ಇರೋ ಕೆಲಸ ಮಾಡಿದೀರಾ, ನೆಲಮಾಳಿಗೆಯಲ್ಲಿ ವಾಸ ಇದೀರಾ, ಕಲ್ಲಿದ್ದಲು ಸೌದೆ ಉರಿಸೋ ಒಲೆ ಇತ್ತಾ, ಅಪ್ಪ ಅಮ್ಮ ಅಣ್ಣ ತಂಗಿ ಯಾರಿಗಾದ್ರೂ ಈ ಕ್ಯಾನ್ಸರ್ ಬಂದಿತ್ತಾ, ಎದೆಗೆ ರೇಡಿಯೇಷನ್ ಕೊಡಿಸಿದ್ರಾ, ಶ್ವಾಸಕೋಶದ ಹಳೇ ಕಾಯಿಲೆ ಏನಾದ್ರೂ ಇದ್ಯಾ. ಒಂದೂ ಸಿಗರೇಟು ಮುಟ್ಟದೇ ಇರೋರೂ ಬರೀಬೇಕು, ಯಾಕಂದ್ರೆ ಸೇದದೇ ಇರೋರಿಗೂ ಈ ಕ್ಯಾನ್ಸರ್ ಬರತ್ತೆ, ಅದೇನು ಅಪರೂಪ ಅಲ್ಲ. ಹಾಳೆ ಎತ್ತಿಡಿ, ಕೊನೇಲಿ ಬೇಕಾಗತ್ತೆ.

ಎರಡನೇದು: ಸೇದ್ತಿದ್ರೆ ಬಿಡಿ, ಆದ್ರೆ ಬರೀ ಛಲದಿಂದ ಬಿಡೋಕೆ ಹೋಗ್ಬೇಡಿ

ಬೇರೆ ಎಲ್ಲಾ ಹೆಜ್ಜೆ ಸೇರಿಸಿದ್ರೂ ಸೇದೋರಿಗೆ ಇದೊಂದರ ತೂಕಕ್ಕೆ ಬರಲ್ಲ.

1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಡಾಲ್ ಮತ್ತೆ ಬ್ರಾಡ್‌ಫರ್ಡ್ ಹಿಲ್ ಅಂತ ಇಬ್ರು ಆಸ್ಪತ್ರೆಗಳಲ್ಲಿದ್ದ ಕ್ಯಾನ್ಸರ್ ಪೇಷೆಂಟ್‌ಗಳನ್ನ ಒಬ್ಬೊಬ್ರನ್ನೇ ವಿಚಾರಿಸಿ ಲೆಕ್ಕ ಹಾಕಿದ್ರು. ಡಾಲ್‌ಗೆ ಶುರುವಲ್ಲಿ ಅನುಮಾನ ಇದ್ದಿದ್ದು ರಸ್ತೆಗೆ ಹಾಕೋ ಡಾಂಬರಿನ ಮೇಲೆ, ಸಿಗರೇಟಿನ ಮೇಲಲ್ಲ, ಲೆಕ್ಕ ಸಿಗರೇಟಿನ ಕಡೆ ಬೆರಳು ತೋರಿಸ್ದಾಗ ತಾನೇ ಸೇದೋದನ್ನ ಬಿಟ್ಟುಬಿಟ್ರು. ಅಮೆರಿಕದಲ್ಲಿ ವೈಂಡರ್ ಮತ್ತೆ ಗ್ರಹಾಂ ಅನ್ನೋರಿಗೂ ಅದೇ ವರ್ಷ ಅದೇ ಉತ್ತರ ಸಿಕ್ತು. 1951ರಲ್ಲಿ ಡಾಲ್ ಮತ್ತೆ ಹಿಲ್ ಬ್ರಿಟನ್ನಿನ ಡಾಕ್ಟ್ರುಗಳನ್ನೇ ಹಿಡ್ಕೊಂಡು ಅವರು ಸೇದ್ತಾರಾ ಇಲ್ವಾ, ಯಾವಾಗ ಯಾತಕ್ಕೆ ಸಾಯ್ತಾರೆ ಅಂತ ಬರೆದಿಡ್ತಾ ಹೋದ್ರು, ಐವತ್ತು ವರ್ಷ ಆದ್ಮೇಲೆ 2004ರಲ್ಲಿ ಬಂದ ಲೆಕ್ಕ ಏನಂದ್ರೆ, ಸೇದ್ತಾನೇ ಇದ್ದವರು ಸರಾಸರಿ 10 ವರ್ಷ ಬೇಗ ಹೋದ್ರು. 60ರ ವಯಸ್ಸಿಗೆ ಬಿಟ್ಟವರಿಗೆ ಅದರಲ್ಲಿ 3 ವರ್ಷ ವಾಪಸ್ ಸಿಕ್ತು, 50ಕ್ಕೆ ಬಿಟ್ರೆ 6, 40ಕ್ಕೆ ಬಿಟ್ರೆ 9, 30ಕ್ಕೆ ಬಿಟ್ರೆ ಹತ್ತೂ. ಇನ್ನೇನು ವಯಸ್ಸಾಯ್ತು ಬಿಟ್ಟು ಏನ್ ಪ್ರಯೋಜನ ಅನ್ನೋರಿಗೆ ನಾನು ಈ 60ರ ಲೆಕ್ಕ ಹೇಳ್ತೀನಿ.

ಇನ್ನೂ ಹೊಸದೊಂದಿದೆ. 2020ರಲ್ಲಿ 16 ಜನರ ಶ್ವಾಸನಾಳದಿಂದ ಜೀವಕೋಶ ತೆಗೆದು ಒಂದೊಂದರ ಡಿಎನ್ಎಯನ್ನೂ ಓದಿದ್ರು. ಸೇದೋರ ಕೋಶಗಳಲ್ಲಿ ಒಂದೊಂದರಲ್ಲೂ ಸಾವಿರಾರು ಕಡೆ ಡ್ಯಾಮೇಜ್. ಬಿಟ್ಟವರಲ್ಲಿ ನೋಡಿದ್ರೆ, ಕೆಲವರ ಕೋಶಗಳಲ್ಲಿ 40 ಪರ್ಸೆಂಟ್‌ವರೆಗೂ ಹೆಚ್ಚುಕಮ್ಮಿ ಸೇದದೇ ಇರೋರ ಹಾಗೇ ಇದ್ವು! ಎಲ್ಲೋ ಮೂಲೇಲಿ ಉಳ್ಕೊಂಡಿದ್ದ ಚೆನ್ನಾಗಿರೋ ಕೋಶಗಳು ಹೊಗೆ ನಿಂತ ಮೇಲೆ ಮೆಲ್ಲಗೆ ಜಾಗ ಹಿಡೀತಾ ಬರ್ತವೆ ಅಂತ ವಿಜ್ಞಾನಿಗಳ ಲೆಕ್ಕಾಚಾರ. ಬಿಟ್ಟು ಹತ್ತು ವರ್ಷಕ್ಕೆ, ಸೇದ್ತಾನೇ ಇರೋರಿಗೆ ಹೋಲಿಸಿದ್ರೆ ರಿಸ್ಕ್ ಅರ್ಧ ಆಗಿರತ್ತೆ. ಪೂರ್ತಿ ಸೊನ್ನೆ ಆಗಲ್ಲ, ಅದನ್ನೂ ತಿಳ್ಕೊಂಡಿರಿ.

ಸರಿ, ಬಿಡೋದು ಹೆಂಗೆ? ಎರಡು ವಾರದೊಳಗೆ ಒಂದು ತಾರೀಕು ಗೊತ್ತು ಮಾಡ್ಕೊಳ್ಳಿ. ಡಾಕ್ಟ್ರ ಹತ್ರ ಹೋಗಿ ಔಷಧಿ ಕೇಳಿ, ಇದರಲ್ಲಿ ನಾಚಿಕೆ ಬೇಡ, ನಿಕೋಟಿನ್ ಪ್ಯಾಚ್, ನಿಕೋಟಿನ್ ಗಮ್, ವರೆನಿಕ್ಲಿನ್, ಬುಪ್ರೊಪಿಯಾನ್ ಇವೆಲ್ಲ ಟ್ರಯಲ್‌ಗಳಲ್ಲಿ ಪಾಸಾಗಿರೋ ಔಷಧಿಗಳು, ಬರೀ ಮನಸ್ಸು ಗಟ್ಟಿ ಮಾಡ್ಕೊಂಡು ಬಿಡೋರಿಗಿಂತ ಇವುಗಳ ಜೊತೆ ಬಿಡೋರು ಜಾಸ್ತಿ ಜನ ಗೆಲ್ತಾರೆ. ಇಡೀ ದಿನಕ್ಕೆ ಪ್ಯಾಚ್, ಮಧ್ಯೆ ತಡ್ಕೊಳಕ್ಕಾಗ್ದಾಗ ಗಮ್, ಹೀಗೆ ಎರಡನ್ನೂ ಜೊತೆಗೆ ಕೊಡ್ತಾರೆ, ಒಂದೊಂದೇ ತಗೊಳ್ಳೋದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡತ್ತೆ. ವರೆನಿಕ್ಲಿನ್ ಆದ್ರೆ ಬಿಡೋ ತಾರೀಕಿಗೆ ಒಂದು ವಾರ ಮುಂಚೆನೇ ಶುರು ಮಾಡ್ಬೇಕು, ಸೇದಿದ್ರೂ ಆ ಮಜಾ ಬರದ ಹಾಗೆ ಮಾಡತ್ತೆ ಅದು.

ಗಮ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಾನು ಮೊದಲ ಸಲ ಅದನ್ನ ಚ್ಯೂಯಿಂಗ್ ಗಮ್ ಥರ ಗಬಗಬ ಅಗಿದು, ಬಿಕ್ಕಳಿಕೆ ಬಂದು, ಗಂಟಲು ಉರಿದು, ಇದು ನನಗಾಗಲ್ಲ ಅಂತ ಕಸದ ಬುಟ್ಟಿಗೆ ಹಾಕಿ ಸೀದಾ ಹೋಗಿ ಸಿಗರೇಟು ಹಚ್ಚಿದ್ದೆ. ತಪ್ಪು ಗಮ್ಮಿಂದಲ್ಲ. ಅದನ್ನ ನಿಧಾನಕ್ಕೆ ಅಗೀಬೇಕು, ನಾಲಿಗೆಗೆ ಮೆಣಸಿನ ಥರ ಚುರುಕು ತಾಗಿದ ತಕ್ಷಣ ಅಗಿಯೋದು ನಿಲ್ಲಿಸಿ ಕೆನ್ನೆ ಮತ್ತೆ ವಸಡಿನ ಮಧ್ಯೆ ಒತ್ತಿಟ್ಕೋಬೇಕು, ಚುರುಕು ಹೋದ್ಮೇಲೆ ಮತ್ತೆ ಎರಡು ಸಲ ಅಗಿದು ಇನ್ನೊಂದು ಕಡೆ ಇಟ್ಕೋಬೇಕು, ಹೀಗೆ ಅರ್ಧ ಗಂಟೆ. ನಿಕೋಟಿನ್ ಹೋಗ್ಬೇಕಾಗಿರೋದು ಬಾಯಿಯ ಚರ್ಮದ ಮೂಲಕ, ಹೊಟ್ಟೆಗಲ್ಲ. ಹಾಕ್ಕೊಳ್ಳೋದಕ್ಕೆ ಹದಿನೈದು ನಿಮಿಷ ಮುಂಚಿಂದ ಕಾಫಿ, ಜ್ಯೂಸ್, ಸೋಡಾ ಕುಡೀಬೇಡಿ, ಹುಳಿ ಇದ್ರೆ ಬಾಯಿ ನಿಕೋಟಿನ್ ಎಳ್ಕೊಳ್ಳಲ್ಲ. ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೇ ಬೇಕು ಅನ್ನೋರಿಗೆ 4 ಎಂಜಿ, ಉಳಿದವರಿಗೆ 2 ಎಂಜಿ.

ಮೊದಲ ವಾರ ನರಕ, ಸುಳ್ಳು ಹೇಳಲ್ಲ. ಸಿಡಿಮಿಡಿ, ನಿದ್ದೆ ಇಲ್ಲ, ಪ್ಯಾಂಟ್ ಜೇಬಿಗೆ ಕೈ ತಾನಾಗೇ ಹೋಗಿ ಲೈಟರ್ ಹುಡುಕೋದು. ಆದ್ರೆ ಒಂದೊಂದು ಸಲ ಬರೋ ತುಡಿತ ಐದಾರು ನಿಮಿಷದ ಆಟ, ಅಷ್ಟೊತ್ತು ಏನಾದ್ರೂ ಮಾಡಿ ದಾಟಿಸಿದ್ರೆ ಇಳಿಯತ್ತೆ. ಬಿಟ್ಟ ಮೇಲೆ ಕೆಲವರಿಗೆ ಕೆಮ್ಮು ಜಾಸ್ತಿ ಆಗತ್ತೆ, ಅಯ್ಯೋ ಬಿಟ್ಟಿದ್ದಕ್ಕೇ ಹಿಂಗಾಯ್ತು ಅಂತ ಮತ್ತೆ ಶುರು ಮಾಡೋರನ್ನ ನೋಡಿದೀನಿ. ಶ್ವಾಸನಾಳದಲ್ಲಿ ಸಣ್ಣ ಕೂದಲಿನ ಹಾಗಿರೋ ಎಳೆಗಳು ಕಫವನ್ನ ಮೇಲಕ್ಕೆ ಗುಡಿಸ್ತಿರ್ತವೆ, ಹೊಗೆ ಅವನ್ನ ಮಲಗಿಸಿಬಿಟ್ಟಿರತ್ತೆ, ಎದ್ದು ಗುಡಿಸೋಕೆ ಶುರು ಮಾಡಿದಾಗ ಈ ಕೆಮ್ಮು. ಕೆಲವು ವಾರದಲ್ಲಿ ಹೋಗತ್ತೆ, ಹೋಗ್ಲಿಲ್ಲ ಅಂದ್ರೆ ತೋರಿಸ್ಬೇಕು. ಮಧ್ಯೆ ಒಂದು ಸೇದಿಬಿಟ್ರೆ ಎಲ್ಲಾ ಹೋಯ್ತು ಅಂತ ಪ್ಯಾಕ್ ತರಬೇಡಿ, ಒಂದು ಅಂದ್ರೆ ಒಂದೇ. ನಾನು ಬಿಟ್ಟಿದ್ದು ನಾಲ್ಕನೇ ಪ್ರಯತ್ನಕ್ಕೆ.

ಲೈಟ್ ಸಿಗರೇಟಿಗೆ ಬದಲಾಯಿಸ್ತೀನಿ ಅನ್ನೋರಿಗೆ ಒಂದು ಮಾತು. ಅದರ ಫಿಲ್ಟರ್ ಸುತ್ತ ಸಣ್ಣ ತೂತುಗಳಿರ್ತವೆ, ಟೆಸ್ಟ್ ಮೆಷಿನ್ ಸೇದಿದಾಗ ಗಾಳಿ ಸೇರ್ಕೊಂಡು ಟಾರ್ ಕಮ್ಮಿ ತೋರಿಸತ್ತೆ, ಮನುಷ್ಯ ಸೇದುವಾಗ ಅದೇ ತೂತನ್ನ ಬೆರಳು ತುಟಿ ಮುಚ್ಚಿಬಿಡತ್ತೆ, ಸಾಲದು ಅಂತ ಇನ್ನೂ ಆಳಕ್ಕೆ ಎಳೀತಾನೆ. ಹೊಗೆ ಶ್ವಾಸಕೋಶದ ಅಂಚಿನವರೆಗೂ ಹೋಗತ್ತೆ. ಬೀಡಿ, ಸಿಗಾರ್, ಹುಕ್ಕಾ ಇವೂ ಹೊಗೇನೇ. ಇ-ಸಿಗರೇಟು ಇಟ್ಕೊಂಡು ಜೊತೆಗೆ ಸಿಗರೇಟನ್ನೂ ಸೇದೋದು ಬಿಟ್ಟ ಹಾಗಲ್ಲ.

ಮೂರನೇದು: ಪಕ್ಕದವರ ಹೊಗೆ

1981ರಲ್ಲಿ ಜಪಾನಿನ ತಕೇಶಿ ಹಿರಾಯಾಮ ಅನ್ನೋರು, ತಾವು ಸೇದದೇ ಇದ್ರೂ ಸೇದೋ ಗಂಡಂದಿರ ಜೊತೆ ಬಾಳಿದ ಹೆಂಗಸರಲ್ಲಿ ಈ ಕ್ಯಾನ್ಸರ್ ಜಾಸ್ತಿ ಅಂತ ತೋರಿಸಿದ್ರು. ತಂಬಾಕು ಕಂಪನಿಗಳು ಅದನ್ನ ಸುಳ್ಳು ಮಾಡೋಕೆ ಇನ್ನಿಲ್ಲದ ಪ್ರಯತ್ನ ಪಟ್ವು, ಆಗ್ಲಿಲ್ಲ. ಕಿಟಕಿ ತೆಗೆದು ಸೇದೋದು, ಫ್ಯಾನ್ ಹಾಕ್ಕೊಂಡು ಸೇದೋದು, ಇನ್ನೊಂದು ರೂಮಲ್ಲಿ ಸೇದೋದು ಇವೆಲ್ಲ ಮನಸ್ಸಿನ ಸಮಾಧಾನಕ್ಕೆ. ಮನೆ ಮತ್ತೆ ಕಾರಿನೊಳಗೆ ಯಾರೂ ಸೇದೋ ಹಾಗಿಲ್ಲ ಅಂತ ರೂಲ್ ಮಾಡಿ, ಅತಿಥಿಗಳಿಗೂ ಸೇರಿಸಿ. ದಾಕ್ಷಿಣ್ಯ ಆಗತ್ತೆ, ಗೊತ್ತು.

ನಾಲ್ಕನೇದು: ನೆಲದಿಂದ ಬರೋ ಗ್ಯಾಸ್

ಇದರ ಹೆಸರೇ ಕೇಳದವರು ಜಾಸ್ತಿ. ರೇಡಾನ್. ಮಣ್ಣು ಬಂಡೆಯಲ್ಲಿರೋ ಯುರೇನಿಯಂ ಕ್ಷಯಿಸ್ತಾ ಹೋದ ಹಾಗೆ ಹುಟ್ಟೋ ವಿಕಿರಣ ಗ್ಯಾಸ್, ಬಣ್ಣ ಇಲ್ಲ ವಾಸನೆ ಇಲ್ಲ, ನೆಲದ ಬಿರುಕು ಪೈಪಿನ ಸಂದಿಯಿಂದ ಮನೆಯೊಳಗೆ ಬಂದು ಕೂತ್ಕೊಳತ್ತೆ. ತುಂಬಾ ದೇಶಗಳಲ್ಲಿ ಸಿಗರೇಟು ಬಿಟ್ರೆ ಶ್ವಾಸಕೋಶದ ಕ್ಯಾನ್ಸರಿಗೆ ಎರಡನೇ ದೊಡ್ಡ ಕಾರಣ ಇದೇ. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಅನ್ನೋ ಎಂಜಿನಿಯರ್, ಕಟ್ತಾ ಇದ್ದ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡ್ತಿದ್ರು, ವಿಕಿರಣ ಪತ್ತೆ ಮಾಡೋ ಗೇಟು ಅವರು ಬಂದಾಗೆಲ್ಲ ಬಡ್ಕೊಳ್ಳೋದು. ಕೊನೆಗೆ ಹುಡುಕಿದ್ರೆ ವಿಕಿರಣ ಇದ್ದಿದ್ದು ಸ್ಥಾವರದಲ್ಲಲ್ಲ, ಅವರ ಮನೇಲಿ!

ಅಳೆಯೋದು ಸುಲಭ. ರೇಡಾನ್ ಡಿಟೆಕ್ಟರ್ ಅಂತ ಸಣ್ಣ ಡಬ್ಬಿ ಸಿಗತ್ತೆ, ಜನ ವಾಸ ಇರೋ ಅತಿ ಕೆಳಗಿನ ಮಹಡೀಲಿ, ಕಿಟಕಿ ಅಡುಗೆಮನೆ ಬಚ್ಚಲಿನಿಂದ ದೂರ ಇಟ್ಟು ಮೂರು ತಿಂಗಳು ಮರೆತುಬಿಡಿ, ಆಮೇಲೆ ಲ್ಯಾಬಿಗೆ ಕಳಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಟ್ಟ ಪ್ರತಿ ಘನ ಮೀಟರ್ ಗಾಳಿಗೆ 100 ಬೆಕ್ರೆಲ್ (ವಿಕಿರಣ ಅಳೆಯೋ ಮಾನ). ಜಾಸ್ತಿ ಬಂದ್ರೆ ನೆಲದ ಬಿರುಕು ಮುಚ್ಚೋದಷ್ಟೇ ಸಾಲಲ್ಲ, ನೆಲದಡಿಯಿಂದ ಪೈಪ್ ಹಾಕಿ ಫ್ಯಾನಿಟ್ಟು ಗ್ಯಾಸನ್ನ ಚಾವಣಿ ಮೇಲಕ್ಕೆ ಎಳೆದು ಬಿಡ್ತಾರೆ. ಎತ್ತರದ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿರೋರು ಸಾಮಾನ್ಯವಾಗಿ ತಲೆ ಕೆಡಿಸ್ಕೋಬೇಕಾಗಿಲ್ಲ. ಸೇದೋರಿಗೆ ರೇಡಾನ್ ಹೊಡೆತ ಇನ್ನೂ ಜೋರು, ಅಂದ್ರೆ ಮತ್ತೆ ಎರಡನೇ ಹೆಜ್ಜೆಗೇ ಬಂದ್ವಿ.

ಐದನೇದು: ಕೆಲಸದ ಜಾಗ

ಆಸ್ಬೆಸ್ಟಾಸ್, ಕಲ್ಲು ಕೊರೆಯುವಾಗ ಏಳೋ ಸಿಲಿಕಾ ಧೂಳು, ಡೀಸೆಲ್ ಎಂಜಿನ್ ಹೊಗೆ, ವೆಲ್ಡಿಂಗ್ ಹೊಗೆ, ಆರ್ಸೆನಿಕ್, ಕೆಲವು ಥರದ ಕ್ರೋಮಿಯಂ, ಇವೆಲ್ಲ ಖಚಿತವಾಗಿ ಕ್ಯಾನ್ಸರ್ ತರೋ ಲಿಸ್ಟಲ್ಲಿವೆ. ಹಳೇ ಆಸ್ಬೆಸ್ಟಾಸ್ ಶೀಟ್ ಸುಮ್ನೆ ಇದ್ರೆ ಅಷ್ಟು ಅಪಾಯ ಇಲ್ಲ, ಅದನ್ನ ಒಡೆದಾಗ, ಕೊರೆದಾಗ, ಒಣಗಿದ್ದಾಗ್ಲೇ ಪೊರಕೆಯಲ್ಲಿ ಗುಡಿಸಿದಾಗ ಏಳೋ ಎಳೆಗಳು ಅಪಾಯ. ಕಲ್ಲು, ಟೈಲ್ ಕಟ್ ಮಾಡುವಾಗ ನೀರು ಬಿಟ್ಕೊಂಡು ಮಾಡ್ಬೇಕು. ಸರ್ಜಿಕಲ್ ಮಾಸ್ಕಿಂದ, ಕರ್ಚೀಫಿಂದ ಏನೂ ಆಗಲ್ಲ, ಎನ್ 95 ಅಥವಾ ಅದಕ್ಕಿಂತ ಮೇಲಿನ ರೆಸ್ಪಿರೇಟರ್ (ಆಸ್ಬೆಸ್ಟಾಸ್ ಆದ್ರೆ ಎನ್ 95 ಸಾಲಲ್ಲ, ಅದಕ್ಕಿಂತ ಮೇಲಿನದೇ ಬೇಕು) ಮುಖಕ್ಕೆ ಸರಿಯಾಗಿ ಕೂರೋ ಹಾಗೆ ಹಾಕ್ಬೇಕು, ಗಡ್ಡ ಇದ್ರೆ ಸಂದಿ ಬಿಡತ್ತೆ. ಕೆಲಸದ ಬಟ್ಟೆ ಅಲ್ಲೇ ಬಿಚ್ಚಿಟ್ಟು ಬನ್ನಿ, ಆ ಧೂಳಿನ ಬಟ್ಟೆ ಒಗೆದೇ ಕಾಯಿಲೆ ಬಿದ್ದ ಮನೆಯವರಿದ್ದಾರೆ.

ಆರನೇದು: ಗಾಳಿ ಮತ್ತು ಒಲೆ

ಚೀನಾದ ಶ್ವಾನ್‌ವೇ ಅನ್ನೋ ಕಡೆ ಹೆಂಗಸರು ಹೆಚ್ಚುಕಮ್ಮಿ ಯಾರೂ ಸೇದ್ತಿರ್ಲಿಲ್ಲ, ಆದ್ರೂ ಅವರಲ್ಲಿ ಈ ಕ್ಯಾನ್ಸರ್ ವಿಪರೀತ. ಕಾರಣ ಮನೆಯೊಳಗೇ ಹೊಗೆ ಬಿಡೋ ಕಲ್ಲಿದ್ದಲ ಒಲೆ. ಒಲೆಗೆ ಚಿಮಣಿ ಹಾಕಿಸಿಕೊಂಡ ಮನೆಗಳಲ್ಲಿ ವರ್ಷಗಳು ಕಳೆದ ಹಾಗೆ ಕ್ಯಾನ್ಸರ್ ನಲವತ್ತು ಪರ್ಸೆಂಟಿಗೂ ಜಾಸ್ತಿ ಇಳೀತು ಅಂತ 2002ರ ಸ್ಟಡಿ. ಒಂದು ಚಿಮಣಿ ಅಷ್ಟೇ! ಗ್ಯಾಸೋ ಕರೆಂಟೋ ಇದ್ರೆ ಅದಕ್ಕೆ ಬದಲಾಗಿ, ಇಲ್ಲಾಂದ್ರೆ ಹೊಗೆ ಹೊರಗೆ ಹೋಗೋ ದಾರಿ ಮಾಡಿ.

ಹೊರಗಿನ ಗಾಳಿಯನ್ನ 2013ರಲ್ಲೇ ಕ್ಯಾನ್ಸರ್ ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಘೋಷಿಸ್ತು. ಆದ್ರೆ ಹೇಗೆ ತರತ್ತೆ ಅನ್ನೋದು ಗೊತ್ತಾಗ್ತಿರೋದು ಈಗೀಗ. ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ತಂಡ 2023ರಲ್ಲಿ ಪ್ರಕಟಿಸಿದ್ದು ಓದಿ ನನಗೆ ಆಶ್ಚರ್ಯ ಆಯ್ತು. ನಾವೆಲ್ಲ ಅಂದ್ಕೊಂಡಿರೋದು ಹೊಗೆ ಡಿಎನ್ಎ ಕೆಡಿಸತ್ತೆ, ಕೆಟ್ಟಿದ್ದೇ ಕ್ಯಾನ್ಸರ್ ಆಗತ್ತೆ ಅಂತ. ಇವರು ಹೇಳಿದ್ದು, ವಯಸ್ಸಾದ ಹಾಗೆ ಇಜಿಎಫ್ಆರ್ ಥರದ ಜೀನ್ ಕೆಟ್ಟಿರೋ ಕೋಶಗಳು ಆರೋಗ್ಯವಾಗಿರೋರ ಶ್ವಾಸಕೋಶದಲ್ಲೂ ಅಲ್ಲೊಂದು ಇಲ್ಲೊಂದು ಇದ್ದೇ ಇರ್ತವೆ, ಸುಮ್ನೆ ಮಲಗಿರ್ತವೆ, ಪಿಎಂ 2.5 ಅನ್ನೋ ಸಣ್ಣ ಕಣಗಳು ಒಳಗೆ ಹೋದಾಗ ಉರಿಯೂತ ಆಗಿ ಆ ಮಲಗಿದ್ದನ್ನ ಎಬ್ಬಿಸತ್ತೆ. ಇಲಿಗಳಲ್ಲಿ ಆ ಉರಿಯೂತದ ಇಂಟರ್‌ಲ್ಯೂಕಿನ್-1 ಬೀಟಾ ಅನ್ನೋ ಸಿಗ್ನಲನ್ನ ತಡೆದ್ರೆ ಕ್ಯಾನ್ಸರ್ ಏಳೋದು ಕಮ್ಮಿ ಆಯ್ತು. ಸೇದದೇ ಇರೋರಿಗೆ ಯಾಕೆ ಬರತ್ತೆ ಅನ್ನೋ ಪ್ರಶ್ನೆಗೆ ಒಂದು ಬಾಗಿಲು ತೆಗೆದ ಹಾಗಾಯ್ತು ಇದು.

ನಾವು ಮಾಡೋಕಾಗೋದು ಸ್ವಲ್ಪಾನೇ. ಗಾಳಿ ಕೆಟ್ಟ ದಿನ ರಸ್ತೆ ಪಕ್ಕ ಓಡೋದು ಬೇಡ, ಎನ್ 95 ಹಾಕ್ಕೊಳ್ಳಿ, ಹೆಪಾ ಫಿಲ್ಟರ್ ಇರೋ ಪ್ಯೂರಿಫೈಯರ್ ಇದ್ರೆ ಮಲಗೋ ರೂಮಲ್ಲಿಡಿ. ಪ್ಯೂರಿಫೈಯರ್ ಇಟ್ಕೊಂಡು ಅದರ ಪಕ್ಕದಲ್ಲೇ ಸಿಗರೇಟು ಸೇದ್ತಿದ್ದ ಒಬ್ಬ ಗೆಳೆಯ ನನಗಿದಾನೆ, ಅವನಿಗೆ ಏನು ಹೇಳೋದು.

ಏಳನೇದು: ಸ್ಕ್ಯಾನ್ ಯಾರಿಗೆ

ಈಗ ಆ ಹಾಳೆ ತೆಗೀರಿ. 2011ರಲ್ಲಿ ಅಮೆರಿಕದ ದೊಡ್ಡ ಟ್ರಯಲ್, ಐವತ್ತಮೂರು ಸಾವಿರಕ್ಕೂ ಜಾಸ್ತಿ ಜನ, ವರ್ಷಕ್ಕೊಂದರಂತೆ ಮೂರು ಸಲ ಲೋ-ಡೋಸ್ (ಅಂದ್ರೆ ಕಮ್ಮಿ ವಿಕಿರಣದ) ಸಿಟಿ ಸ್ಕ್ಯಾನ್ ಮಾಡಿದವರಲ್ಲಿ ಎಕ್ಸ್‌ರೇ ಮಾಡಿದವರಿಗಿಂತ ಈ ಕ್ಯಾನ್ಸರಿನ ಸಾವು 20 ಪರ್ಸೆಂಟ್ ಕಮ್ಮಿ ಆಯ್ತು. 2020ರಲ್ಲಿ ಯುರೋಪಿನ ನೆಲ್ಸನ್ ಟ್ರಯಲ್ಲೂ ಹೌದು ಅಂತು. ಅಮೆರಿಕದ ಗೈಡ್‌ಲೈನ್ 2021ರಿಂದ ಹೇಳ್ತಿರೋದು, 50ರಿಂದ 80 ವಯಸ್ಸು, 20 ಪ್ಯಾಕ್-ಇಯರ್ ಅಥವಾ ಜಾಸ್ತಿ, ಈಗ್ಲೂ ಸೇದ್ತಿರೋರು ಇಲ್ಲಾ ಬಿಟ್ಟು 15 ವರ್ಷದೊಳಗೆ ಇರೋರು, ಇಂಥವರು ವರ್ಷಕ್ಕೊಂದು ಸಲ. ನಿಮ್ಮ ದೇಶದ ನಿಯಮ ಬೇರೆ ಇರಬಹುದು, ಡಾಕ್ಟ್ರನ್ನ ಕೇಳಿ. ಎದೆ ಎಕ್ಸ್‌ರೇ ಕ್ಲಿಯರ್ ಇದೆ ಅಂತ ನೆಮ್ಮದಿಯಾಗಿರಬೇಡಿ, ಸ್ಕ್ರೀನಿಂಗಿಗೆ, ಅಂದ್ರೆ ಲಕ್ಷಣ ಇಲ್ದಿದ್ರೂ ಮುಂಚೆನೇ ಹುಡುಕೋದಕ್ಕೆ, ಎಕ್ಸ್‌ರೇ ಮಾಡಿದ್ರೆ ಸಾವು ಕಮ್ಮಿ ಆಗಲ್ಲ ಅಂತ ಟ್ರಯಲ್ಲಲ್ಲೇ ಗೊತ್ತಾಗಿದೆ.

ಹಂಗಂತ ರಿಸ್ಕ್ ಕಮ್ಮಿ ಇರೋರೆಲ್ಲ ದುಡ್ಡಿದೆ ಅಂತ ಸ್ಕ್ಯಾನಿಗೆ ಓಡ್ಬಾರ್ದು. 2011ರ ಆ ಟ್ರಯಲ್‌ನಲ್ಲಿ ಏನೋ ಇದೆ ಅಂತ ಬಂದ ಸಿಟಿ ರಿಸಲ್ಟ್‌ಗಳಲ್ಲಿ 100ಕ್ಕೆ 96 ಕ್ಯಾನ್ಸರ್ ಆಗಿರ್ಲಿಲ್ಲ, ಹಳೇ ಸೋಂಕಿನ ಕಲೆ, ಸಣ್ಣ ಗಂಟು, ಅಂಥವು. ಸೂಜಿ ಹಾಕಿ ತೆಗೆದು ನೋಡೋದು, ತಿಂಗಳುಗಟ್ಟಲೆ ನಿದ್ದೆಗೆಡೋದು, ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ನನ್ನದು ಹನ್ನೆರಡು ಪ್ಯಾಕ್-ಇಯರ್, ವಯಸ್ಸೂ ಐವತ್ತಾಗಿಲ್ಲ, ಹಂಗಾಗಿ ನಾನು ಮಾಡಿಸಿಲ್ಲ.

ಎಂಟನೇದು: ಲಕ್ಷಣ ಕಂಡ್ರೆ ಸ್ಕ್ರೀನಿಂಗ್ ನಿಯಮ ಲೆಕ್ಕಕ್ಕಿಲ್ಲ

ಮೂರು ವಾರ ದಾಟಿದ ಕೆಮ್ಮು, ಅಥವಾ ಯಾವಾಗ್ಲೂ ಇರೋ ಕೆಮ್ಮಿನ ಸದ್ದೇ ಬದಲಾಗೋದು, ಕಫದಲ್ಲಿ ಒಂದು ಎಳೆಯಷ್ಟಾದ್ರೂ ರಕ್ತ, ಗಂಟಲು ಒಡೆದು ಸರಿ ಹೋಗದೇ ಇರೋದು, ಒಂದೇ ಜಾಗದಲ್ಲಿ ಪದೇ ಪದೇ ನ್ಯುಮೋನಿಯಾ, ಕಾರಣ ಇಲ್ದೇ ತೂಕ ಇಳಿಯೋದು, ಬಿಡದೇ ಕಾಡೋ ಭುಜದ ನೋವು, ಬೆರಳ ತುದಿ ಉಬ್ಬಿ ಉಗುರು ದುಂಡಗಾಗೋದು. ಇವುಗಳಿಗೆ ಬಹುಪಾಲು ಬೇರೇನೇ ಕಾರಣ ಇರತ್ತೆ, ಆದ್ರೂ ತೋರಿಸಿ. ಸೇದದೇ ಇರೋರಲ್ಲಿ ತಡ ಆಗೋದು ಇಲ್ಲೇ, ನಿಮಗ್ಯಾಕೆ ಬರತ್ತೆ ಅಂತ ಅಲರ್ಜಿ ಮಾತ್ರೆ ಮೇಲೆ ಮಾತ್ರೆ ಕೊಟ್ಟು ತಿಂಗಳುಗಳು ಕಳೆದುಹೋಗ್ತವೆ.

ಒಂದು ವೇಳೆ ಕ್ಯಾನ್ಸರ್ ಅಂತ್ಲೇ ಬಂದ್ರೆ, ಸೆಲ್ ಯಾವ ಥರದ್ದು, ಜೀನ್ ಟೆಸ್ಟ್ ಮಾಡಿದೀರಾ ಅಂತ ಬಾಯಿ ಬಿಟ್ಟು ಕೇಳಿ. 2004ರಲ್ಲಿ ಇಜಿಎಫ್ಆರ್, 2007ರಲ್ಲಿ ಎಎಲ್‌ಕೆ ಅಂತ ಜೀನ್ ಬದಲಾವಣೆಗಳು ಸಿಕ್ಕ ಮೇಲೆ, ಅವು ಇರೋರಿಗೆ ಮಾತ್ರೆಯಲ್ಲೇ ಟ್ರೀಟ್‌ಮೆಂಟ್ ಮಾಡೋ ಹಾಗಾಯ್ತು, ಸೇದದೇ ಇರೋರಲ್ಲಿ ಇವು ಸಿಗೋ ಚಾನ್ಸ್ ಜಾಸ್ತಿ. ಕ್ಯಾನ್ಸರ್ ಬಂದ ಮೇಲೂ ಸಿಗರೇಟು ಬಿಟ್ರೆ ಟ್ರೀಟ್‌ಮೆಂಟ್ ಚೆನ್ನಾಗಿ ಒಗ್ಗತ್ತೆ.

ಡಾಕ್ಟ್ರ ಹತ್ರ ಹೋಗುವಾಗ ಆ ಹಾಳೆ ತಗೊಂಡೇ ಹೋಗಿ. ಅಲ್ಲಿ ಸಿಗೋದು ಹತ್ತು ನಿಮಿಷ, ಅಷ್ಟರಲ್ಲಿ ಎಷ್ಟು ವರ್ಷ ಸೇದಿದ್ರಿ ಅಂದಾಗ ಮೇಲೆ ನೋಡ್ಕೊಂಡು ಲೆಕ್ಕ ಹಾಕ್ತಾ ಕೂರೋ ಬದಲು ಹಾಳೆ ಮುಂದಿಟ್ಟು, ಕೆಮ್ಮು ಯಾವ ತಾರೀಕಿಂದ ಅಂತ ಹೇಳಿ. ಮಾತ್ರೆ ಡಬ್ಬಿ ಏನಾದ್ರೂ ನುಂಗ್ತಿದ್ರೆ ಅದನ್ನೂ ತಗೊಂಡು ಹೋಗಿ ತೋರಿಸಿ.